ಸೀರಮ್ ಬದಲು ಜೇನುತುಪ್ಪ ಹಾಕಬಹುದಾ?

ಪ್ರಶ್ನೆ: ನಾನು ಎಂಎಸ್ಸಿ ಬಯೋಟೆಕ್ ಓದ್ತಿದೀನಿ. ಸೆಲ್ ಕಲ್ಚರ್‌ಗೆ (ಲ್ಯಾಬಲ್ಲಿ ಜೀವಕೋಶ ಬೆಳೆಸೋದಕ್ಕೆ) ಹಾಕೋ ಎಫ್‌ಬಿಎಸ್ ಅನ್ನೋ ಸೀರಮ್ ಎಲ್ಲಿಂದ ಬರತ್ತೆ ಅಂತ ಗೊತ್ತಾದ್ಮೇಲೆ ಮನಸ್ಸಿಗೆ ತುಂಬಾ ಬೇಜಾರು. ಅಪ್ಪ ತುಡುವೆ ಜೇನು ಸಾಕಿದಾರೆ. ಸೀರಮ್ ಬದಲು ಜೇನುತುಪ್ಪನೋ, ರಾಣಿ ಮರಿಗೆ ಜೇನುಹುಳ ಉಣಿಸೋ ರಾಯಲ್ ಜೆಲ್ಲಿನೋ ಹಾಕಿ ಪ್ರಾಜೆಕ್ಟ್ ಮಾಡಬಹುದಾ? (ಓದುಗರು, ಶಿರಸಿ)

ಉತ್ತರ: ಬೇಜಾರಾಗೋದು ಸರಿನೇ ಕಣಮ್ಮ. ಕಸಾಯಿಖಾನೆಗೆ ಬಂದ ಗಬ್ಬದ ಹಸುವಿನ ಹೊಟ್ಟೇಲಿರೋ ಕರುವಿನ ರಕ್ತದಿಂದ ತೆಗೆಯೋ ಸೀರಮ್ ಅದು, ಮೀಡಿಯಂಗೆ, ಅಂದ್ರೆ ಸೆಲ್ ಬೆಳೆಯೋ ಪೋಷಕ ದ್ರವಕ್ಕೆ, ಸಾಮಾನ್ಯವಾಗಿ 10% ಹಾಕ್ತಾರೆ. ಬ್ಯಾಚಿಂದ ಬ್ಯಾಚಿಗೆ ಗುಣ ಬೇರೆ ಆಗೋದ್ರಿಂದ ವಿಜ್ಞಾನದ ದೃಷ್ಟಿಯಿಂದಲೂ ಅದು ತಲೆನೋವೇ.

ಆದ್ರೆ ಜೇನುತುಪ್ಪ ಬಿಟ್ಬಿಡಿ. ಸುಮಾರು 80% ಸಕ್ಕರೆ, ಪ್ರೋಟೀನ್ ಇಲ್ಲ ಅನ್ನೋಷ್ಟು ಕಡಿಮೆ. ಲೀಟರ್ ಮೀಡಿಯಂಗೆ 100 ಗ್ರಾಂ ಜೇನುತುಪ್ಪ ಹಾಕಿದ್ರೆ ಬರೀ ಸಕ್ಕರೆಯಿಂದಲೇ ಆಸ್ಮೊಲಾಲಿಟಿ (ದ್ರವದಲ್ಲಿ ಕರಗಿರೋ ಕಣಗಳ ಸಾಂದ್ರತೆ) 400 ಮಿಲಿಆಸ್ಮೋಲ್‌ಗಿಂತ ಜಾಸ್ತಿ ಏರತ್ತೆ, ಸೆಲ್‌ಗೆ ಬೇಕಾಗಿರೋದೇ ಒಟ್ಟು 290ರ ಆಸುಪಾಸು, ಅಂದ್ರೆ ನೀರು ಕಳಕೊಂಡು ಮುದುಡಿ ಹೋಗ್ತವೆ. ಅದೂ ಸಾಲದು ಅಂತ ಜೇನುತುಪ್ಪ ನೀರಿಗೆ ಬಿದ್ದ ಕೂಡ್ಲೇ ಅದರಲ್ಲಿರೋ ಎಂಜೈಮು ಹೈಡ್ರೋಜನ್ ಪೆರಾಕ್ಸೈಡ್ ಮಾಡೋಕೆ ಶುರು ಮಾಡತ್ತೆ, ಗಾಯಕ್ಕೆ ಒಳ್ಳೇದು, ಪ್ಲೇಟಲ್ಲಿರೋ ಸೆಲ್‌ಗೆ ವಿಷ.

ರಾಯಲ್ ಜೆಲ್ಲಿ ವಿಷಯ ಬೇರೆ, ನನಗೆ ನಿಜವಾಗಿ ಆಸೆ ಇರೋದು ಅಲ್ಲೇ. ಅದರಲ್ಲಿರೋ ಎಂಆರ್‌ಜೆಪಿ1 ಅನ್ನೋ ಮುಖ್ಯ ಪ್ರೋಟೀನು ಇಲಿಯ ಲಿವರ್ ಸೆಲ್‌ಗಳನ್ನ ಬೆಳೆಸತ್ತೆ ಅಂತ ಜಪಾನಿನವರು ಆಗ್ಲೇ ತೋರಿಸಿದ್ರು. 2018ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಅದೇ ಪ್ರೋಟೀನು, ರಾಯಲ್ಯಾಕ್ಟಿನ್ ಅಂತಾರಲ್ಲ ಅದನ್ನ ಹಾಕಿ, ಸುಂಡಿಲಿ ಭ್ರೂಣದ ಸ್ಟೆಮ್ ಸೆಲ್‌ಗಳನ್ನ (ಬೇರೆ ಬೇರೆ ಥರದ ಸೆಲ್ ಆಗಬಲ್ಲ ಮೂಲ ಸೆಲ್‌ಗಳು) ಯಾವಾಗಲೂ ಬೇಕಾಗೋ ಎಲ್‌ಐಎಫ್ ಅನ್ನೋ ಪ್ರೋಟೀನು ಇಲ್ಲದೇನೇ ಸ್ಟೆಮ್ ಸೆಲ್ ಆಗೇ ಉಳಿಸಿಕೊಂಡ್ರು. ಆದ್ರೂ ಗಮನಿಸಿ, ಅಲ್ಲಿ ಬದಲಾಗಿದ್ದು ಆ ಒಂದು ಎಲ್‌ಐಎಫ್ ಮಾತ್ರ. ಸೀರಮ್ಮಲ್ಲಿ ಕಬ್ಬಿಣ ಹೊರೋ ಟ್ರಾನ್ಸ್‌ಫೆರಿನ್, ಆಲ್ಬುಮಿನ್, ಇನ್ಸುಲಿನ್ನಂಥ ಹಾರ್ಮೋನು, ಸೆಲ್ಲು ಪ್ಲೇಟಿಗೆ ಅಂಟಿಕೊಳ್ಳೋಕೆ ಬೇಕಾದ ಪ್ರೋಟೀನು ಎಲ್ಲಾ ಇದೆ, ಜೆಲ್ಲಿ ಅಷ್ಟನ್ನೂ ಕೊಡಲ್ಲ.

ಹಾಗಾಗಿ ಸೀರಮ್ ಪೂರ್ತಿ ತೆಗೀಬೇಡಿ. 10ರಿಂದ 5, ಆಮೇಲೆ 2% ಹೀಗೆ ಇಳಿಸ್ತಾ, ಇನ್ಸುಲಿನ್-ಟ್ರಾನ್ಸ್‌ಫೆರಿನ್-ಸೆಲೆನಿಯಂ ಮಿಕ್ಸ್ ಜೊತೆ ಸ್ವಲ್ಪ ಸ್ವಲ್ಪ ಜೆಲ್ಲಿ ಹಾಕಿ ನೋಡಿ. ಬರೀ ಸೀರಮ್ ಇಳಿಸಿದ, ಜೆಲ್ಲಿ ಹಾಕದ ಕಂಟ್ರೋಲ್ ಇರಲೇಬೇಕು, ಇಲ್ಲಾಂದ್ರೆ ಏನೂ ಗೊತ್ತಾಗಲ್ಲ. ಜೆಲ್ಲಿ ಹುಳಿ, ಪಿಎಚ್ 4ರ ಹತ್ರ, ಸರಿ ಮಾಡ್ಕೊಳ್ಳಿ. ಆಟೋಕ್ಲೇವ್ ಮಾಡಿದ್ರೆ (ಒತ್ತಡದ ಬಿಸಿ ಹಬೇಲಿಟ್ರೆ) ಪ್ರೋಟೀನ್ ಹಾಳು, ಬ್ಯಾಕ್ಟೀರಿಯಾ ತೆಗೆಯೋಕೆ 0.22 ಮೈಕ್ರಾನ್ ಫಿಲ್ಟರ್ ಹಾಕಿ. ಫ್ರೀಜರಲ್ಲಿಡಿ. ಮೂರನೇ ದಿನ ಸೆಲ್ ಚೆನ್ನಾಗಿ ಕಂಡ್ರೆ ಖುಷಿಪಟ್ಟು ನಿಲ್ಲಿಸಬೇಡಿ, ನಾಕೈದು ಪ್ಯಾಸೇಜ್ (ಸೆಲ್‌ಗಳನ್ನ ಹೊಸ ಪ್ಲೇಟಿಗೆ ಬದಲಿಸೋದು) ಆದ್ಮೇಲೆ ಎಣಿಸಿ.

ಪ್ರಶ್ನೆ: ರಾಯಲ್ ಜೆಲ್ಲಿ ತೆಗೆಯೋದೂ ಹಿಂಸೆ ಅಲ್ವಾ? (ಓದುಗರು, ಮಡಿಕೇರಿ)

ಉತ್ತರ: ಹೌದು. ರಾಣಿ ಕೋಶದಲ್ಲಿ ಎಳೇ ಮರಿಹುಳ ಕೂರಿಸಿ ಮೂರನೇ ದಿನ ಹುಳ ತೆಗೆದುಹಾಕಿ ಜೆಲ್ಲಿ ತಗೋತಾರೆ, ಆ ಹುಳ ಬದುಕಲ್ಲ, ಒಂದು ಕೋಶಕ್ಕೆ ಸಿಗೋದು ಕಾಲು ಗ್ರಾಮಿನಷ್ಟು. ಇದನ್ನ ಮಾಡೋದು ಮುಖ್ಯವಾಗಿ ಯುರೋಪಿಯನ್ ಜೇನಿನಲ್ಲಿ, ಚೀನಾದಲ್ಲೇ ಜಾಸ್ತಿ. ಅದಕ್ಕೇ ಜೆಲ್ಲಿ ಡಬ್ಬಿ ನೆಚ್ಚಿಕೊಳ್ಳೋದಕ್ಕಿಂತ ಅದರಲ್ಲಿ ಕೆಲಸ ಮಾಡೋ ಪ್ರೋಟೀನ್ ಯಾವುದು ಅಂತ ಹಿಡಿದು, ಅದರ ಜೀನನ್ನ ಬ್ಯಾಕ್ಟೀರಿಯಾಗೋ ಯೀಸ್ಟ್‌ಗೋ ಸೇರಿಸಿ ಲ್ಯಾಬಲ್ಲೇ ಮಾಡೋ ದಾರಿ ನನಗೆ ಹೆಚ್ಚು ಇಷ್ಟ, ಇನ್ಸುಲಿನ್ ಈಗ ಬರ್ತಿರೋದೂ ಹಾಗೇನೇ.