ಎಲ್ಲಿ ಹೊಲಿಗೆ ಬಿಟ್ಟು ಹೋಗುತ್ತೋ ಅನ್ನುವ ಭಯ

ಹೆಸರು, ಊರು, ಮನೆಯ ವಿವರ ಎಲ್ಲ ಬದಲಾಯಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಇಲ್ಲಿ ಅವರನ್ನು ಸರೋಜಮ್ಮ ಅಂತ ಕರೆಯೋಣ.

ವಯಸ್ಸು 54. ಮಲೆನಾಡಿನ ಒಂದು ಹೈಸ್ಕೂಲಿನಲ್ಲಿ ಗಣಿತ ಟೀಚರ್. ಹತ್ತು ವರ್ಷದಿಂದ ಶುಗರ್ ಇದೆ. ಜುಲೈ ಮಳೆಯಲ್ಲಿ ಅಂಗಳದ ಪಾಚಿ ಮೇಲೆ ಜಾರಿ ಬಿದ್ದರು, ಬಲ ಭುಜದ ರೋಟೇಟರ್ ಕಫ್ ಹರಿಯಿತು. ಅಂದರೆ ತೋಳನ್ನು ಎತ್ತುವ, ತಿರುಗಿಸುವ ಸ್ನಾಯುಗಳು ಮೂಳೆಗೆ ಅಂಟಿಕೊಳ್ಳುವ ಜಾಗ. ಸಣ್ಣ ತೂತುಗಳ ಮೂಲಕ ಮಾಡುವ ಕೀಹೋಲ್ ಆಪರೇಷನ್ ಮಾಡಿ ಹೊಲಿದರು. 6 ವಾರ ಸ್ಲಿಂಗ್‌ನಲ್ಲಿ, ಅಂದರೆ ಕುತ್ತಿಗೆಗೆ ಕಟ್ಟಿದ ಪಟ್ಟಿಯಲ್ಲಿ ಕೈ. ಸಲಹೆಗೆ ಅಂತ ನನ್ನ ಹತ್ತಿರ ಬಂದಾಗ ಆಪರೇಷನ್ ಆಗಿ ನಾಲ್ಕೂವರೆ ತಿಂಗಳಾಗಿತ್ತು, ಕೈ ಇನ್ನೂ ಎದೆಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ.

ಅವರನ್ನು ಕಳಿಸಿದ್ದು ಫಿಸಿಯೋಥೆರಪಿಸ್ಟ್. ಚೀಟಿಯಲ್ಲಿ ಒಂದೇ ಸಾಲು ಇತ್ತು: "ವ್ಯಾಯಾಮ ಮಾಡಲು ಮನಸ್ಸು ಮಾಡುತ್ತಿಲ್ಲ."

ಆ ಸಾಲು ತಪ್ಪು ಅಂತ ನನಗೆ ಹತ್ತು ನಿಮಿಷದಲ್ಲೇ ಗೊತ್ತಾಯಿತು. ಸರೋಜಮ್ಮ ಸೋಮಾರಿ ಅಲ್ಲ. ಕೈ ಎತ್ತಲಾಗದಿದ್ದರೂ ರಜೆ ಮುಗಿದ ಮರುದಿನವೇ ಶಾಲೆಗೆ ಹೋದವರು. "ಬೋರ್ಡಿನ ಕೆಳಗಿನ ಅರ್ಧದಲ್ಲೇ ಬರೀತೀನಿ ಮೇಡಂ. ಹಿಂದಿನ ಬೆಂಚಿನ ಮಕ್ಕಳು ಎದ್ದು ನಿಂತು ಬರ್ಕೊಳ್ತಾರೆ. ಒಬ್ಬನೂ ಒಂದು ಮಾತು ಅಂದಿಲ್ಲ." ಇಷ್ಟು ಹೇಳುವಷ್ಟರಲ್ಲಿ ಕಣ್ಣು ತುಂಬಿ ಬಂತು.

ಮನೆಯಲ್ಲಿ ಜಡೆ ಹಾಕುವುದು ಗಂಡ. ಹಿಂದಿನ ಹುಕ್ ಹಾಕುವುದೂ ಅವರೇ. ಅಟ್ಟದ ಡಬ್ಬ ತೆಗೆಯುವುದು ಸೊಸೆ. ರಾತ್ರಿ ಎರಡು ಗಂಟೆಗೆ ನೋವಿಗೆ ಎಚ್ಚರ ಆದರೆ ಮತ್ತೆ ನಿದ್ದೆ ಇಲ್ಲ. ಪಕ್ಕದ ಮನೆಯವರು "ಆಪರೇಷನ್ ಮಾಡಿಸಲೇಬಾರದಿತ್ತು" ಅಂದಿದ್ದು ಆಗ ಕಿವಿಯಲ್ಲಿ ತಿರುಗುತ್ತಾ ಇರುತ್ತದಂತೆ.

ವ್ಯಾಯಾಮ ಮಾಡುವಾಗ ಏನಾಗುತ್ತದೆ, ತೋರಿಸಿ ಅಂದೆ. ಎದ್ದು ನಿಂತರು, ಗೋಡೆಗೆ ಬೆರಳಿಟ್ಟರು, ಎರಡು ಗೇಣು ಮೇಲೆ ಹೋದರು. ಅಲ್ಲಿ ಉಸಿರು ಹಿಡಿದರು. ಹಲ್ಲು ಕಚ್ಚಿದರು, ಭುಜ ಕಿವಿಯವರೆಗೆ ಎದ್ದು ಬಂತು, ಎಡಗೈ ತಾನಾಗಿಯೇ ಬಲ ತೋಳನ್ನು ಹಿಡಿದುಕೊಂಡಿತು. "ಈಗ ಮನಸ್ಸಿನಲ್ಲಿ ಏನು ಬಂತು?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಎಲ್ಲಿ ಹೊಲಿಗೆ ಬಿಟ್ಟು ಹೋಗುತ್ತೋ ಅಂತ."

ಇಷ್ಟೇ ವಿಷಯ. ಆಪರೇಷನ್ ಆದ ದಿನ ಅವರಿಗೆ ಹೇಳಿದ್ದರು: ಕೈ ಎತ್ತಬೇಡಿ, ಭಾರ ಹಿಡಿಯಬೇಡಿ, ಹೊಲಿಗೆ ಕಿತ್ತು ಬಂದರೆ ಮತ್ತೆ ಆಪರೇಷನ್ ಆಗುತ್ತದೆ. ಆಗ ಅದು ಸರಿಯಾದ ಮಾತೇ. ಹರಿದ ಸ್ನಾಯು ಮೂಳೆಗೆ ತಕ್ಕಮಟ್ಟಿಗೆ ಗಟ್ಟಿಯಾಗಿ ಕೂಡಿಕೊಳ್ಳಲು ಸುಮಾರು 3 ತಿಂಗಳು ಬೇಕು. ಆದರೆ ಆ 'ಬೇಡ' ಯಾವತ್ತಿಗೆ ಮುಗಿಯುತ್ತದೆ ಅಂತ ಅವರಿಗೆ ಅರ್ಥ ಆಗುವ ಹಾಗೆ ಯಾರೂ ಕೂತು ಹೇಳಿರಲಿಲ್ಲ. ಎರಡು ತಿಂಗಳಾದ ಮೇಲೆ ಬೇರೆ ಒಬ್ಬರು ಬಂದು "ಎತ್ತಿ, ಎತ್ತಿ" ಅಂದರೆ ಯಾರ ಮಾತು ಕೇಳುವುದು? ಅವರು ಮೊದಲ ಮಾತನ್ನೇ ನಂಬಿದರು. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ.

ಕೈ ಅಲುಗಾಡದೆ ಇದ್ದರೆ ಭುಜದ ಕೀಲನ್ನು ಸುತ್ತಿಕೊಂಡಿರುವ ಪೊರೆ ದಪ್ಪಗಾಗಿ ಬಿಗಿಯುತ್ತದೆ. ಬಿಗಿದಷ್ಟೂ ನೋವು, ನೋವಾದಷ್ಟೂ ಭಯ, ಭಯ ಆದಷ್ಟೂ ಕೈ ಅಲ್ಲೇ. ಫ್ರೋಜನ್ ಶೋಲ್ಡರ್ ಅಂತ ಇದಕ್ಕೆ ಹೆಸರು ಬಂದಿದ್ದು 1934ರಲ್ಲಿ, ಬಾಸ್ಟನ್‌ನ ಕಾಡ್‌ಮನ್ ಅನ್ನುವ ಸರ್ಜನ್ ಬರಹದಿಂದ. ಬಗ್ಗಿ ನಿಂತು ಕೈಯನ್ನು ಲೋಲಕದ ಹಾಗೆ ತೂಗಾಡಿಸುವ ವ್ಯಾಯಾಮಕ್ಕೆ ಇವತ್ತಿಗೂ ಅವರದ್ದೇ ಹೆಸರು. ಶುಗರ್ ಇರುವವರಲ್ಲಿ, 40ರಿಂದ 60 ವಯಸ್ಸಿನ ಹೆಂಗಸರಲ್ಲಿ ಈ ಬಿಗಿತ ಜಾಸ್ತಿ. ಇದನ್ನು ಸರೋಜಮ್ಮನಿಗೆ ಬಿಡಿಸಿ ಹೇಳಿದೆ. ಯಾಕೆಂದರೆ ತಾನೇ ಏನೋ ತಪ್ಪು ಮಾಡಿದ್ದೇನೆ ಅಂತ ಅವರು ಒಳಗೊಳಗೇ ಕೊರಗುತ್ತಿದ್ದರು.

ಮೊದಲ ಸಲಹೆ ವ್ಯಾಯಾಮದ ಬಗ್ಗೆ ಅಲ್ಲವೇ ಅಲ್ಲ. ಸರ್ಜನ್ ಹತ್ತಿರ ವಾಪಸ್ ಹೋಗಿ ಅಂದೆ. ಆದರೆ ಸುಮ್ನೆ ಹೋಗಿ "ನೋವಿದೆ ಡಾಕ್ಟ್ರೇ" ಅಂತ ಹೇಳಿ ಬರಬೇಡಿ, ಕಾಗದದಲ್ಲಿ ಪ್ರಶ್ನೆ ಬರೆದುಕೊಂಡು ಹೋಗಿ. ಇಬ್ಬರೂ ಕೂತು ಬರೆದೆವು. ಹೊಲಿಗೆ ಗಟ್ಟಿ ಇದೆಯೋ ಇಲ್ಲವೋ ಸ್ಕ್ಯಾನ್ ಮಾಡಿ ನೋಡಬಹುದಾ? ಇವತ್ತಿನಿಂದ ನಾನು ಯಾವ ಕೆಲಸ ಮಾಡಬಹುದು, ಯಾವುದು ಇನ್ನೂ ಬೇಡ? ಎಷ್ಟು ನೋವಾದರೆ ನಿಲ್ಲಿಸಬೇಕು? ಭಯ ಹೋಗಲಿ ಅಂತ ನಾನು ಎಷ್ಟು ಸಮಾಧಾನ ಹೇಳಿದರೂ ಅದು ಬರೀ ಮಾತು. ಹೊಲಿಗೆ ನೋಡಿದವರು ಹೇಳಬೇಕು.

ಅಲ್ಟ್ರಾಸೌಂಡ್ ಆಯಿತು. ಹೊಲಿಗೆ ಗಟ್ಟಿಯಾಗಿಯೇ ಇತ್ತು. ಸರ್ಜನ್ ಆ ಕಾಗದದ ಮೇಲೆಯೇ ಉತ್ತರ ಬರೆದು ಕೊಟ್ಟಿದ್ದರು, ಸರೋಜಮ್ಮ ಅದನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಿದ್ದರು. ವ್ಯಾಯಾಮಕ್ಕೆ ಮೊದಲು ಒಂದು ಸಲ ಅದನ್ನು ಓದಿ ಅಂತ ಹೇಳಿದೆ. ಓದಿದರು ಕೂಡ, ವಾರಗಟ್ಟಲೆ.

ಆಮೇಲೆ ನೋವಿನ ವಿಷಯ. ನೋವೇ ಇಲ್ಲದೆ ಈ ಭುಜ ಸಡಿಲ ಆಗುವುದಿಲ್ಲ, ಅದನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. ಫಿಸಿಯೋ ಜೊತೆ ಮಾತಾಡಿ ಒಂದು ಲೆಕ್ಕ ಮಾಡಿಕೊಂಡೆವು. ಹತ್ತಕ್ಕೆ ನಾಲ್ಕರವರೆಗಿನ ಎಳೆತದ ನೋವು, ಒಂದು ಗಂಟೆಯೊಳಗೆ ಇಳಿಯುವುದಾದರೆ, ಪರವಾಗಿಲ್ಲ. ಮರುದಿನ ಬೆಳಿಗ್ಗೆಯೂ ಹಾಗೇ ಇದ್ದರೆ ಅವತ್ತು ಅರ್ಧ ಮಾಡಿ. ಟಕ್ ಅಂತ ಸದ್ದಾಗಿ ಕೈಯ ಬಲವೇ ಹೋದರೆ, ಜ್ವರ ಬಂದು ಭುಜ ಕೆಂಪಾಗಿ ಬಿಸಿಯಾದರೆ, ಗಾಯದಿಂದ ಕೀವು ಬಂದರೆ, ಕೈ ಮರಗಟ್ಟಿದರೆ ಮಾತ್ರ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಗಣಿತದ ಟೀಚರ್ ಅಲ್ವಾ, ಭಯಕ್ಕೆ ಒಂದು ಅಂಕಿ ಸಿಕ್ಕಿದ್ದೇ ಅವರಿಗೆ ಅರ್ಧ ಧೈರ್ಯ ಬಂದ ಹಾಗಾಯಿತು.

ದಿನಕ್ಕೆ ಒಂದೇ ಸಲ ಅರ್ಧ ಗಂಟೆ ಹಲ್ಲು ಕಚ್ಚಿ ಮಾಡುವುದನ್ನು ಬಿಡಿಸಿದೆವು. ಐದೈದು ನಿಮಿಷ, ದಿನಕ್ಕೆ ನಾಲ್ಕೈದು ಸಲ. ಮೊದಲು ಹತ್ತು ನಿಮಿಷ ಬಿಸಿನೀರಿನ ಚೀಲ. ಕೈ ಮೇಲೆ ಹೋಗುವಾಗ ಉಸಿರು ಬಿಡಬೇಕು, ಹಿಡಿಯಬಾರದು. ಇದನ್ನು ನನ್ನ ಕೋಣೆಯಲ್ಲೇ ಇಪ್ಪತ್ತು ಸಲ ಮಾಡಿಸಿದೆ. ಉಸಿರು ಬಿಟ್ಟಾಗ ಕಿವಿಗೆ ಅಂಟಿದ್ದ ಭುಜ ತಾನಾಗಿ ಕೆಳಗಿಳಿಯಿತು, ಬೆರಳು ಒಂದು ಇಂಚು ಮೇಲೆ ಹೋಯಿತು. ಅವರು ತಿರುಗಿ ನನ್ನ ಮುಖ ನೋಡಿದ್ದು ನೆನಪಿದೆ.

ರಾತ್ರಿಗೆ ಬೆನ್ನ ಹಿಂದೆ ಎರಡು ದಿಂಬು ಇಟ್ಟು ಸ್ವಲ್ಪ ಒರಗಿ ಮಲಗುವುದು, ಮೊಣಕೈ ಕೆಳಗೊಂದು ಚಿಕ್ಕ ದಿಂಬು. ಬಟ್ಟೆ ತೊಡುವಾಗ ನೋವಿನ ಕೈ ಮೊದಲು, ಬಿಚ್ಚುವಾಗ ಕೊನೆಗೆ. ಬಿದ್ದ ದಿನದಿಂದ ನಿಂತಿದ್ದ ಸಂಜೆಯ ವಾಕಿಂಗ್ ಮತ್ತೆ ಶುರು ಮಾಡಿಸಿದೆ, ಶುಗರ್ ಏರಿಯೇ ಕೂತಿತ್ತು. ಭುಜಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವ ಮಾತು ಬಂದಾಗ, ಅದಾದ ಮೇಲೆ ಕೆಲವು ದಿನ ಶುಗರ್ ಮೇಲೆ ಹೋಗಬಹುದು, ಶುಗರ್ ಡಾಕ್ಟರಿಗೂ ತಿಳಿಸಿ ಅಂದೆ. ಯಾರೋ ಹೇಳಿದರು ಅಂತ ಕೈಯನ್ನು ಜೋರಾಗಿ ಎಳೆಸಿಕೊಂಡು ಬರಲು ಹೊರಟಿದ್ದರು. ಅದು ಮಾತ್ರ ಖಂಡಿತ ಬೇಡ ಅಂತ ಬಿಗಿಯಾಗಿಯೇ ಹೇಳಿದೆ.

ಮೂರನೇ ಭೇಟಿಗೆ ಅವರ ಯಜಮಾನರನ್ನೂ ಕರೆದೆ. ಒಳ್ಳೆಯ ಮನುಷ್ಯ. "ಅವಳಿಗೆ ನೋವಾಗಬಾರದು ಅಂತ ಎಲ್ಲ ನಾನೇ ಮಾಡಿ ಕೊಡ್ತೀನಿ ಮೇಡಂ" ಅಂದರು. ಸರ್, ನೀವು ಮಾಡುತ್ತಿರುವುದು ಪ್ರೀತಿಯಿಂದ, ಅದು ಅವರಿಗೂ ಗೊತ್ತು, ಆದರೆ ಅವರ ಕೈಗೆ ದಿನವಿಡೀ ಏನೂ ಕೆಲಸ ಉಳಿದಿಲ್ಲ, ಮೇಜು ಒರೆಸುವುದು, ಬಟ್ಟೆ ಮಡಚುವುದು, ತಟ್ಟೆ ಇಡುವುದು ಇಷ್ಟನ್ನಾದರೂ ಬಿಟ್ಟುಕೊಡಿ, ನಿಧಾನ ಆದರೂ ನೋಡುತ್ತಾ ಸುಮ್ಮನಿರಿ ಅಂದೆ. ಸುಮ್ಮನಿರುವುದೇ ಅವರಿಗೆ ಕಷ್ಟ ಆಯಿತು ಅಂತ ಆಮೇಲೆ ಸರೋಜಮ್ಮ ಹೇಳಿದರು.

ಮನಸ್ಸಿನ ಬಗ್ಗೆ ನೇರವಾಗಿಯೇ ಕೇಳಿದ್ದೆ: ಬದುಕೇ ಸಾಕು ಅನ್ನಿಸುತ್ತದಾ? ಹಾಗಿಲ್ಲ, ಆದರೆ ಯಾರಿಗೂ ಬೇಡದವಳು ಅನ್ನಿಸುತ್ತದೆ ಅಂದರು. ಆ ಯೋಚನೆ ಜೋರಾದ ರಾತ್ರಿಗೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದು ಕೊಟ್ಟೆ, ಯಾವ ಹೊತ್ತಿಗೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ನೋವು ತಿಂಗಳುಗಟ್ಟಲೆ ಇದ್ದಾಗ ಮನಸ್ಸು ಕುಗ್ಗುವುದು ಸಹಜ, ಅದಕ್ಕೆ ನಾಚಿಕೆ ಪಡಬೇಕಾಗಿಲ್ಲ.

ಅಳತೆಗೆ ಬೀರು ಪಕ್ಕದ ಗೋಡೆಯಲ್ಲಿ ಸೀಮೆಸುಣ್ಣದ ಗೆರೆ ಹಾಕುತ್ತಿದ್ದರು, ಮೊದಮೊದಲು ದಿನಾ. ಗೆರೆ ಕೆಳಗಿಳಿದ ದಿನ ಊಟ ಸೇರುತ್ತಿರಲಿಲ್ಲ. ಅದನ್ನು ಭಾನುವಾರಕ್ಕೆ ಮಾತ್ರ ಇಟ್ಟುಕೊಳ್ಳಿ ಅಂದೆ. ಆಪರೇಷನ್ ಆದಮೇಲಿನ ಬಿಗಿತ ಹೆಚ್ಚಿನವರಲ್ಲಿ 6ರಿಂದ 12 ತಿಂಗಳಲ್ಲಿ ಬಹಳಷ್ಟು ಸಡಿಲ ಆಗುತ್ತದೆ. ಕೆಲವರಿಗೆ ಆಗದೆ ಬಿಗಿದ ಪೊರೆಯನ್ನು ಕೀಹೋಲ್‌ನಲ್ಲೇ ಬಿಡಿಸಬೇಕಾಗುತ್ತದೆ. ಇದನ್ನೂ ಮುಚ್ಚಿಡಲಿಲ್ಲ.

ಈಗ ಆಪರೇಷನ್ ಆಗಿ ಎಂಟು ತಿಂಗಳು. ಮಾರ್ಚಿನಲ್ಲಿ ಹತ್ತನೇ ಕ್ಲಾಸಿನವರಿಗೆ ಕೊನೆಯ ಪಾಠ ಮಾಡಿದ ದಿನ ಬೋರ್ಡಿನ ಮೇಲಿನ ಸಾಲಿನಿಂದಲೇ ಬರೆಯಲು ಶುರು ಮಾಡಿದರಂತೆ. ಹಿಂದಿನ ಹುಕ್ ಇನ್ನೂ ಆಗುವುದಿಲ್ಲ, ಬಲಗೈ ಸೊಂಟದ ಹತ್ತಿರ ನಿಂತುಬಿಡುತ್ತದೆ. ಜಡೆಯ ಮೇಲಿನ ಅರ್ಧ ಗಂಡ ಹೆಣೆಯುತ್ತಾರೆ, ಕೆಳಗಿನ ಅರ್ಧವನ್ನು ಮುಂದಕ್ಕೆ ಎಳೆದುಕೊಂಡು ಅವರೇ. ಮತ್ತೆ ಬರುವುದು ಜೂನ್‌ನಲ್ಲಿ, ಶಾಲೆ ಶುರುವಾದ ಮೇಲೆ.