ಕೊಟ್ಟಿಗೆಗೆ ಯಾವ ಶೀಟು?

ಪ್ರಶ್ನೆ: ಹಸುವಿನ ಕೊಟ್ಟಿಗೆಗೆ ಜಿಐ (ಬರೀ ಸತು ಲೇಪದ ಉಕ್ಕಿನ) ಶೀಟಿನ ಬದಲು ಗ್ಯಾಲ್ವಲ್ಯೂಮ್ ಶೀಟು ಹಾಕಿಸಿದರೆ ತುಕ್ಕಿನ ಕಾಟ ತಪ್ಪುತ್ತದೆಯೇ?

ಉತ್ತರ: ಮನೆಯ ಚಾವಣಿಗಾದರೆ ಧಾರಾಳವಾಗಿ ಹಾಕಿಸಿ, ಕೊಟ್ಟಿಗೆಗೆ ಬೇಡ. ಗ್ಯಾಲ್ವಲ್ಯೂಮ್ ಎಂದರೆ ಮಿಶ್ರಲೋಹದ ಲೇಪವಿರುವ ಉಕ್ಕಿನ ಶೀಟು; ಲೇಪದ ತೂಕದಲ್ಲಿ ಶೇ. 55 ಅಲ್ಯೂಮಿನಿಯಂ, 43.4 ಸತು, 1.6 ಸಿಲಿಕಾನ್. ಮಳೆಗಾಳಿಗೆ ಅಲ್ಯೂಮಿನಿಯಂ ತಡೆ, ಕತ್ತರಿಸಿದ ಅಂಚಿಗೆ ಸತು ಕಾವಲು. ಆದರೆ ಗಂಜಲದಿಂದ ಏಳುವ ಅಮೋನಿಯಾ ಶೀಟಿನ ಒಳಮೈಯ ತೇವದಲ್ಲಿ ಕರಗಿ ಕ್ಷಾರವಾಗುತ್ತದೆ. ಅಲ್ಯೂಮಿನಿಯಂ ಕ್ಷಾರಕ್ಕೆ ತಾಳದು. ಹಸಿ ಸಿಮೆಂಟ್ ತಾಗಿದರೂ ಇದೇ ಗತಿ. ಕೊಟ್ಟಿಗೆಗೆ ಸಿಮೆಂಟ್ ಶೀಟೇ ವಾಸಿ.

ಮನೆಗೆ ಕೊಳ್ಳುವಾಗ ಎಝಡ್ 150 ಎಂದು ಕೇಳಿ: ಚದರ ಮೀಟರಿಗೆ ಎರಡೂ ಮೈ ಸೇರಿ 150 ಗ್ರಾಂ ಲೇಪ, ಅಂದರೆ ಒಂದೊಂದು ಮೈಗೆ ಸುಮಾರು 20 ಮೈಕ್ರಾನ್. ಗ್ರೈಂಡರ್‌ನಲ್ಲಿ ಕೊಯ್ಯಲು ಬಿಡಬೇಡಿ. ಬಿಸಿ ಕಿಡಿಗಳು ಲೇಪಕ್ಕೆ ಅಂಟಿಕೊಂಡು, ಮಳೆ ಬಿದ್ದೊಡನೆ ಕೆಂಪು ಚುಕ್ಕೆಗಳೇಳುತ್ತವೆ. ತಗಡಿನ ಕತ್ತರಿ ಬಳಸಿ.