ರಿಯಾಯಿತಿಯ ಸೀರೆಯೂ ಇಳಕಲ್ಲಿನ ಸೆರಗೂ

ಪ್ರಶ್ನೆ: ಮೊಬೈಲಿನಲ್ಲಿ ರಿಯಾಯಿತಿ ಕಂಡಾಗಲೆಲ್ಲ ಸೀರೆ ತರಿಸಿ, ಎಷ್ಟೋ ಸಲ ಹಿಂದಿರುಗಿಸುತ್ತೇನೆ. ಈಗ ಇಳಕಲ್ ಸೀರೆಯೊಂದು ಬೇಕಾಗಿದೆ. ವಿವೇಚನೆಯಿಂದ ಕೊಳ್ಳುವುದು ಹೇಗೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಮೆಚ್ಚಿದ್ದನ್ನು ಕಾರ್ಟಿನಲ್ಲಿ ಒಂದು ವಾರ ಬಿಡಿ, ರಿಯಾಯಿತಿ ಮುಗಿದ ಮೇಲೂ ಬೇಕೆನಿಸಿದರೆ ಮಾತ್ರ ಹಣ ಕೊಡಿ. ಹಿಂದಿರುಗಿಸಿದ ಪ್ರತಿ ಪೊಟ್ಟಣವೂ ಮತ್ತೊಮ್ಮೆ ಲಾರಿ ಹತ್ತುತ್ತದೆ. ‘ಉಚಿತ ವಾಪಸಾತಿ’ಯ ಖರ್ಚು ಕಂಪನಿಯ ಔದಾರ್ಯದಿಂದ ಬರುವುದಿಲ್ಲ, ಅದು ಬೆಲೆಯಲ್ಲಿಯೇ ಅಡಗಿರುತ್ತದೆ.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸುನೂಲನ್ನು (ಮಗ್ಗದಲ್ಲಿ ಉದ್ದಕ್ಕೆ ಹಾಸುವ ನೂಲು) ಸೆರಗಿನ ಹಾಸುನೂಲಿಗೆ ಕುಣಿಕೆ ಹಾಕಿ ಜೋಡಿಸುವ ‘ಕೊಂಡಿ’ ಪದ್ಧತಿಯೇ ಮುಖ್ಯ ಗುರುತಾದ್ದರಿಂದ, ಅವೆರಡೂ ಕೂಡುವ ಗೆರೆಯನ್ನು ಹತ್ತಿರದಿಂದ ತೆಗೆದ ಚಿತ್ರವನ್ನೂ ಹಿಂಬದಿಯ ಚಿತ್ರವನ್ನೂ ಮಾರಾಟಗಾರರಿಂದ ಕೇಳಿ ತರಿಸಿಕೊಳ್ಳಿ. ಮುದ್ರಿತ ನಕಲಾದರೆ ಸಾಮಾನ್ಯವಾಗಿ ಹಿಂಬದಿಯ ಬಣ್ಣ ಮಸುಕಾಗಿರುತ್ತದೆ. ಬಟ್ಟೆ ಕೈಮಗ್ಗದ್ದೇ ಎಂದು ಖಾತರಿಪಡಿಸಲು ಕೇಂದ್ರ ಸರ್ಕಾರ 2006ರಲ್ಲಿ ಜಾರಿಗೆ ತಂದ ಹ್ಯಾಂಡ್‌ಲೂಮ್ ಮಾರ್ಕ್ ಇದೆಯೇ, ನೂಲು ಹತ್ತಿಯೋ ರೇಷ್ಮೆಯೋ ಆರ್ಟ್ ಸಿಲ್ಕೋ (ಕೃತಕ ರೇಷ್ಮೆ) ಎಂಬುದನ್ನೂ ವಿಚಾರಿಸಿ.

ಮಾರಾಟಗಾರರ ವಿವರ, ತಯಾರಾದ ದೇಶ, ವಾಪಸಾತಿಯ ಷರತ್ತು ಇವನ್ನೆಲ್ಲ ತಿಳಿಸಬೇಕೆಂದು 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳೇ ಹೇಳುತ್ತವೆ. ಅವನ್ನು ಮರೆಮಾಚುವ ಅಂಗಡಿಯನ್ನು ಬಿಟ್ಟು, ರಾಜ್ಯದ ಕೈಮಗ್ಗ ಅಭಿವೃದ್ಧಿ ನಿಗಮದ ‘ಪ್ರಿಯದರ್ಶಿನಿ’ ಮಳಿಗೆಯಲ್ಲಿ ಒಮ್ಮೆ ಸೀರೆಯನ್ನು ಮುಟ್ಟಿ ನೋಡಿ.